ಐರ್ಲೆಂಡಿನ ಬಂದೂಕಿಗೆ ಬೆಂಬಲ ಎಲ್ಲಿಂದ ಬಂತು?

1916ರ ಏಪ್ರಿಲ್ 24, ಈಸ್ಟರ್ ಹಬ್ಬದ ಮರುದಿನ. ಡಬ್ಲಿನ್ನಿನ ದೊಡ್ಡ ಅಂಚೆ ಕಚೇರಿಯ ಮುಂದೆ ನಿಂತು ಬಂಡುಕೋರರ ನಾಯಕ ಪ್ಯಾಟ್ರಿಕ್ ಪಿಯರ್ಸ್, ಬ್ರಿಟಿಷರ ಆಳ್ವಿಕೆಯಲ್ಲಿದ್ದ ಐರ್ಲೆಂಡನ್ನು ಗಣರಾಜ್ಯ ಎಂದು ಸಾರಿದರು. ದಂಗೆ ಒಂದು ವಾರವೂ ನಿಲ್ಲಲಿಲ್ಲ. ಸತ್ತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಯಾವ ಗೊಡವೆಗೂ ಹೋಗದ ಊರವರು. ಹಾಗಾಗಿ ಸೆರೆಸಿಕ್ಕ ಬಂಡುಕೋರರಿಗೆ ಡಬ್ಲಿನ್ನಿನ ಕೆಲವು ಬೀದಿಗಳಲ್ಲಿ ಬೈಗುಳ ಸಿಕ್ಕಿತು.

ಬ್ರಿಟಿಷರು ಅಲ್ಲಿಗೇ ಸುಮ್ಮನಿರಬಹುದಿತ್ತು, ಅಲ್ವಾ? ಮೇ 3ರಿಂದ 12ರೊಳಗೆ 15 ಮಂದಿಯನ್ನು ಗುಂಡಿಟ್ಟು ಕೊಂದರು. ಗಾಯದಿಂದ ನಿಲ್ಲಲೂ ಆಗದ ಇನ್ನೊಬ್ಬ ನಾಯಕ ಜೇಮ್ಸ್ ಕಾನೊಲಿಯನ್ನು ಕುರ್ಚಿಯಲ್ಲಿ ಕೂರಿಸಿ ಕೊಂದರು. ಬೈದ ಜನರೇ ಮರುಗಿದರು. 1918ರ ಬ್ರಿಟಿಷ್ ಸಂಸತ್ತಿನ ಚುನಾವಣೆಯಲ್ಲಿ, ಐರ್ಲೆಂಡಿನ ಸ್ವಾತಂತ್ರ್ಯ ಬಯಸಿದ ಸಿನ್ ಫೇನ್ ಪಕ್ಷ ಐರ್ಲೆಂಡಿನ 105 ಸ್ಥಾನಗಳಲ್ಲಿ 73 ಗೆದ್ದಿತು.

ಬಂದೂಕು ಹಿಡಿಯುವ ಹಾದಿ ಅದಕ್ಕೂ ಹಳೆಯದು. 1798ರಲ್ಲಿ ವುಲ್ಫ್ ಟೋನ್ ಕಾಲದ ಬಂಡಾಯ, 1858ರಲ್ಲಿ ಹುಟ್ಟಿದ ಗುಪ್ತ ಸಂಘ, 1880ರ ದಶಕದಲ್ಲಿ ಲಂಡನ್ನಿನಲ್ಲಿ ಡೈನಮೈಟ್. ಊರೂರಿನ ಬೆಂಬಲ ಸಿಕ್ಕಿದ್ದು ಮಾತ್ರ 1919ರಿಂದ 21ರ ಹೋರಾಟಕ್ಕೆ. ಅದರ ಕೊನೆಗೆ ಬ್ರಿಟನ್ ಜೊತೆ ಒಪ್ಪಂದ ಆಯಿತು; ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿಗೇ ಉಳಿದವು. ಆ ಒಪ್ಪಂದದ ಮೇಲೆ ಜೊತೆಗಾರರೇ ಒಬ್ಬರನ್ನೊಬ್ಬರು ಕೊಂದರು. ಹೊಸ ಐರಿಷ್ ಸರ್ಕಾರ 70ಕ್ಕೂ ಹೆಚ್ಚು ಹಳೆಯ ಗೆಳೆಯರಿಗೆ ಮರಣದಂಡನೆ ಕೊಟ್ಟಿತು.

1956ರಲ್ಲಿ, ಇಡೀ ಐರ್ಲೆಂಡನ್ನು ಒಂದೇ ಗಣರಾಜ್ಯ ಮಾಡಲು ಬಂದೂಕು ಹಿಡಿದ ಐರಿಷ್ ರಿಪಬ್ಲಿಕನ್ ಆರ್ಮಿ, ಅಂದರೆ ಐಆರ್‌ಎ ಗಡಿಯಲ್ಲಿ ಮತ್ತೆ ದಾಳಿ ಶುರು ಮಾಡಿತು. ಜನ ಕೈಜೋಡಿಸಲಿಲ್ಲ. 1962ರಲ್ಲಿ ನಿಲ್ಲಿಸಬೇಕಾಯಿತು.

ಪರಿಸ್ಥಿತಿ ಬದಲಾದದ್ದು ಉತ್ತರದಲ್ಲಿ ಅಲ್ಪಸಂಖ್ಯಾತರಾಗಿದ್ದ ಕ್ಯಾಥೊಲಿಕರು ಮನೆ, ಕೆಲಸ, ಮತದ ಹಕ್ಕಿಗಾಗಿ ಮೆರವಣಿಗೆ ಹೊರಟಾಗ. 1968ರಲ್ಲಿ ಡೆರ್ರಿಯಲ್ಲಿ ಅವರಿಗೆ ಸಿಕ್ಕಿದ್ದು ಲಾಠಿ. 1972ರ ಜನವರಿ 30ರಂದು ಅದೇ ಊರಿನಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು. ಅಂದೇ 13 ಮಂದಿ ಸತ್ತರು. ಆಮೇಲೆ ಐಆರ್‌ಎ ಸೇರಲು ಹುಡುಗರು ತಾವಾಗಿಯೇ ಬಂದರು.

ಆದರೆ ಆ ಜುಲೈನಲ್ಲಿ ಬೆಲ್‌ಫಾಸ್ಟಿನಲ್ಲಿ ಐಆರ್‌ಎ ಒಂದೇ ಮಧ್ಯಾಹ್ನ ಸಾಲು ಸಾಲಾಗಿ ಬಾಂಬ್ ಸಿಡಿಸಿ 9 ಜನರನ್ನು ಕೊಂದಿತು. ಡೆರ್ರಿಯ ಅನ್ಯಾಯ ಎಷ್ಟೇ ದೊಡ್ಡದಾಗಿರಲಿ, ಈ ಕೊಲೆಗಳಿಗೆ ಅದು ಸಮರ್ಥನೆ ಆಗುವುದಿಲ್ಲ. ಮೂವತ್ತು ವರ್ಷಗಳಲ್ಲಿ ಎಲ್ಲ ಕಡೆಯವರೂ ಸೇರಿ ಸುಮಾರು 3,500 ಜನ ಸತ್ತರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾವುಗಳು ಐಆರ್‌ಎಯಂಥ ರಿಪಬ್ಲಿಕನ್ ಗುಂಪುಗಳ ಕೈಯಿಂದ ಆದವು.

1981ರಲ್ಲಿ ಜೈಲಿನಲ್ಲಿ ಉಪವಾಸ ಕೂತ ಐಆರ್‌ಎ ಸದಸ್ಯ ಬಾಬಿ ಸ್ಯಾಂಡ್ಸ್ ಸಂಸದರಾಗಿ ಗೆದ್ದರು. ಒಂದು ತಿಂಗಳೊಳಗೆ ಪ್ರಾಣ ಬಿಟ್ಟರು. ಅವರ ಹಿಂದೆ ಇನ್ನೂ ಒಂಬತ್ತು ಮಂದಿ ಉಪವಾಸದಲ್ಲೇ ಸತ್ತರು. ಮತಪೆಟ್ಟಿಗೆಗೂ ಬಲವಿದೆ ಎಂದು, ಐಆರ್‌ಎ ಜೊತೆ ನಿಂತಿದ್ದ ಸಿನ್ ಫೇನ್ ಕಂಡುಕೊಂಡದ್ದು ಆಗ.

1998ರ ಏಪ್ರಿಲ್‌ನಲ್ಲಿ ಶಾಂತಿ ಒಪ್ಪಂದ ಆಯಿತು. ಮೇ ತಿಂಗಳಲ್ಲಿ ಅದಕ್ಕೆ ಉತ್ತರದಲ್ಲಿ ಶೇ. 71, ದಕ್ಷಿಣದಲ್ಲಿ ಶೇ. 94 ಮತ ಬಿತ್ತು. ಆಗಸ್ಟ್ 15ರಂದು ಒಪ್ಪದ ಒಂದು ಗುಂಪು ಓಮಾ ಪೇಟೆಯಲ್ಲಿ ಬಾಂಬ್ ಇಟ್ಟಿತು. 29 ಜನ ಸತ್ತರು. ರಿಪಬ್ಲಿಕನ್ ಬಣದಲ್ಲೇ ಸಿಟ್ಟು ಎದ್ದಿತು. ಕೆಲವೇ ವಾರಗಳಲ್ಲಿ ಆ ಗುಂಪು ಕದನ ವಿರಾಮ ಘೋಷಿಸಿತು.