ಗಲ್ಲಾಪೆಟ್ಟಿಗೆಯ ಮುಂದಿನ ಸಾಲು

1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ಪಿಗ್ಲಿ ವಿಗ್ಲಿ ಅಂಗಡಿಯನ್ನು ತೆರೆದು, ಬೇಕಾದ ಸಾಮಾನನ್ನು ಗಿರಾಕಿಗಳೇ ಕಪಾಟಿನಿಂದ ಆರಿಸಿಕೊಳ್ಳಲು ಬಿಟ್ಟರು. ಅದುವರೆಗೆ ಸಾಮಾನಿನ ಪಟ್ಟಿ ಕೊಟ್ಟು, ಅಂಗಡಿಯಾಳು ತಂದುಕೊಡುವವರೆಗೆ ಕಾಯಬೇಕಿತ್ತು. ಕಾಯುವುದು ತಪ್ಪಿತು, ನಿಜ. ಆದರೆ ಆಳಿನ ಕೆಲಸ ಸದ್ದಿಲ್ಲದೆ ಗಿರಾಕಿಯ ಪಾಲಿಗೆ ಬಂದದ್ದನ್ನೂ ಗಮನಿಸಬೇಕು. 1937ರಲ್ಲಿ ಒಕ್ಲಹೋಮ ಸಿಟಿಯ ಸಿಲ್ವನ್ ಗೋಲ್ಡ್‌ಮನ್ ತಳ್ಳುಗಾಡಿಯನ್ನು ತಂದ ಮೇಲೆ ಹೊರುವ ಭಾರವೂ ಇಳಿಯಿತು. ಆದರೆ ಗಾಡಿ ತುಂಬಿದಷ್ಟೂ ಬಿಲ್ ಮಾಡುವುದು ನಿಧಾನವಾಗಿ, ತೊಂದರೆಯೆಲ್ಲ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಂತಿತು.

ಇದಕ್ಕೆ ಪರಿಹಾರವಾಗಿ ಬಂದದ್ದು ಬಾರ್‌ಕೋಡ್. ನಾರ್ಮನ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಅವರಿಗೆ 1952ರಲ್ಲೇ ಇದರ ಪೇಟೆಂಟ್ ದೊರೆತಿದ್ದರೂ, ಗೆರೆಗಳನ್ನು ಚುರುಕಾಗಿ ಓದಬಲ್ಲ ಲೇಸರ್ ಮತ್ತು ಅಗ್ಗದ ಕಂಪ್ಯೂಟರುಗಳು ಬರುವವರೆಗೆ ಅದು ಅಂಗಡಿಗೆ ಕಾಲಿಡಲಿಲ್ಲ. 1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಊರಿನಲ್ಲಿ ಚ್ಯೂಯಿಂಗ್ ಗಮ್‌ನ ಒಂದು ಪೊಟ್ಟಣ ಹೊಸ ಯಂತ್ರದ ಮೇಲೆ ಹಾದುಹೋಯಿತು. ಕಪ್ಪು ಗೆರೆ ಬೆಳಕನ್ನು ಹೀರುತ್ತದೆ, ಬಿಳಿಯ ಭಾಗ ಹಿಂದಿರುಗಿಸುತ್ತದೆ. ಈ ಏರಿಳಿತದಿಂದಲೇ ಯಂತ್ರವು ಹನ್ನೆರಡು ಅಂಕಿಗಳನ್ನು ಗುರುತಿಸುತ್ತದೆ.

ಇದರಲ್ಲಿ ನನಗೆ ಹೆಚ್ಚು ಸೊಗಸಾಗಿ ಕಾಣುವುದು ಕೊನೆಯ ಅಂಕಿ. 03600029145 ಎಂಬ ಹನ್ನೊಂದು ಅಂಕಿಗಳನ್ನೇ ತೆಗೆದುಕೊಳ್ಳೋಣ. ಬೆಸ ಸ್ಥಾನಗಳ ಅಂಕಿಗಳ ಮೊತ್ತ 14. ಅದನ್ನು ಮೂರರಿಂದ ಗುಣಿಸಿದರೆ 42. ಸಮ ಸ್ಥಾನಗಳ ಮೊತ್ತ 16. ಎರಡೂ ಸೇರಿ 58 ಆಗುವುದರಿಂದ, 60 ತಲುಪಲು ಬೇಕಾದ 2 ಹನ್ನೆರಡನೆಯ ಅಂಕಿಯಾಗುತ್ತದೆ. ಯಾವುದೇ ಒಂದು ಅಂಕಿಯನ್ನು ತಪ್ಪಾಗಿ ಓದಿದರೂ ಲೆಕ್ಕ ಕೂಡುವುದಿಲ್ಲ, ಯಂತ್ರ ಅದನ್ನು ಒಪ್ಪುವುದಿಲ್ಲ. ಇನ್ನು ಪ್ರತಿ ಅಂಕಿಯ ಗೆರೆಗಳನ್ನು ಒಂದೇ ಅಗಲದ ಸಣ್ಣ ಅಂಶಗಳಾಗಿ ಎಣಿಸಿದರೆ, ಕಪ್ಪು ಅಂಶಗಳ ಸಂಖ್ಯೆ ಎಡಭಾಗದ ಅಂಕಿಗಳಲ್ಲಿ ಬೆಸವಾಗಿಯೂ ಬಲಭಾಗದಲ್ಲಿ ಸಮವಾಗಿಯೂ ಇರುವುದರಿಂದ ಯಂತ್ರಕ್ಕೆ ದಿಕ್ಕು ತಿಳಿಯುತ್ತದೆ; ಪೊಟ್ಟಣವನ್ನು ತಲೆಕೆಳಗಾಗಿ ಹಿಡಿದರೂ ಓದಲು ತೊಡಕಿಲ್ಲ. ಗಿರಾಕಿಯೇ ಸ್ಕ್ಯಾನ್ ಮಾಡಿ ಹಣ ಕಟ್ಟುವ ಯಂತ್ರಗಳು ನಿಂತಿರುವುದೂ ಈ ಗೆರೆಗಳ ಮೇಲೆಯೇ. ಅಲ್ಲಿ ಮತ್ತೆ ಆಳಿನ ಕೆಲಸ ನಮ್ಮ ಕೈಗೇ ಬಂದಿದೆ.

ಒಂದೊಂದೇ ವಸ್ತುವನ್ನು ಎತ್ತಿ ತೋರಿಸುವ ಶ್ರಮವನ್ನೂ ತಪ್ಪಿಸಲು ಬಂದದ್ದು ರೇಡಿಯೊ ಪಟ್ಟಿ. ಬ್ಯಾಟರಿಯಿಲ್ಲದ ಈ ಪುಟ್ಟ ಚಿಪ್ ಓದುಯಂತ್ರದ ಅಲೆಗಳಿಂದಲೇ ಶಕ್ತಿ ಪಡೆದು ತನ್ನ ಗುರುತನ್ನು ಮರಳಿ ಕಳಿಸುವುದರಿಂದ, ಬುಟ್ಟಿಯಲ್ಲಿರುವ ಬಟ್ಟೆಗಳನ್ನೆಲ್ಲ ಒಟ್ಟಿಗೆ ಎಣಿಸಬಹುದು. ಆದರೆ ನೀರು ಈ ಅಲೆಗಳನ್ನು ಹೀರುತ್ತದೆ, ಲೋಹ ಅವನ್ನು ಪ್ರತಿಫಲಿಸುತ್ತದೆ. ಹಾಗಾಗಿ ಬಟ್ಟೆಯಂಗಡಿಯಲ್ಲಿ ಚೆನ್ನಾಗಿ ಒಗ್ಗಿದ ಈ ಉಪಾಯ ಪಾನೀಯದ ಡಬ್ಬಿಗಳ ನಡುವೆ ತಡವರಿಸುತ್ತದೆ, ಅಲ್ಲಿ ಕಪ್ಪು ಗೆರೆಗಳೇ ಹೆಚ್ಚು ನೆಚ್ಚಿಕೆಗೆ ಅರ್ಹ.