ನರತಂತುವಿಗೆ ದಾರಿ ಗೊತ್ತಾಗುವುದು ಹೇಗೆ?

ಪ್ರಶ್ನೆ: ಭ್ರೂಣದಲ್ಲಿ ನರಕೋಶದ ತಂತು ದೂರದವರೆಗೆ ಬೆಳೆದು ಸರಿಯಾದ ಜಾಗವನ್ನೇ ಸೇರುತ್ತದಂತೆ. ಅದಕ್ಕೆ ದಾರಿ ತೋರಿಸುವುದು ಯಾವುದು?

ಪೂರ್ತಿ ದಾರಿ ಅದಕ್ಕೆ ಯಾವತ್ತೂ ಗೊತ್ತಿರುವುದಿಲ್ಲ. ಗೊತ್ತಾಗುವುದು ಮುಂದಿನ ತಿರುವು ಮಾತ್ರ.

ಬೆಳೆಯುವ ತಂತುವಿನ ತುದಿ ಬೆರಳು ಬಿಡಿಸಿದ ಅಂಗೈಯಂತೆ ಹರಡಿಕೊಂಡಿರುತ್ತದೆ. ಇದಕ್ಕೆ ಬೆಳವಣಿಗೆಯ ಶಂಕು ಎನ್ನುತ್ತಾರೆ. 1890ರಲ್ಲಿ ಸ್ಪೇನಿನ ವಿಜ್ಞಾನಿ ರಮೋನ್ ಇ ಕಹಾಲ್ ಕೋಳಿಯ ಭ್ರೂಣದಲ್ಲಿ ಇದನ್ನು ಗುರುತಿಸಿದರು. ಅವರ ಕಣ್ಣೆದುರು ಇದ್ದದ್ದು ಬಣ್ಣ ಹಿಡಿಸಿದ ನಿರ್ಜೀವ ಅಂಗಾಂಶ. ಆದರೂ ಈ ತುದಿ ದಾರಿ ಹುಡುಕುತ್ತಾ ಚಲಿಸುತ್ತದೆ ಎಂದು ಊಹಿಸಿದ್ದು ಅವರ ಹೆಚ್ಚುಗಾರಿಕೆ. 1907ರಲ್ಲಿ ಅಮೆರಿಕದ ವಿಜ್ಞಾನಿ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ತುಣುಕನ್ನು ದುಗ್ಧರಸದಲ್ಲಿಟ್ಟು, ತಂತು ಬೆಳೆಯುವುದನ್ನು ಕಣ್ಣಾರೆ ಕಂಡರು.

ಶಂಕುವಿನ ಮೈಮೇಲೆ ಹೊರಗಿನ ರಾಸಾಯನಿಕ ಸಂಕೇತಗಳನ್ನು ಹಿಡಿಯುವ ಗ್ರಾಹಕ ಪ್ರೋಟೀನುಗಳಿವೆ. ಸುತ್ತಲಿನ ಕೋಶಗಳು ಸೂಸುವ ನೆಟ್ರಿನ್‌ನಂಥ ಪ್ರೋಟೀನು ಒಂದು ಪಕ್ಕದಲ್ಲಿ ತುಸು ಹೆಚ್ಚಿದ್ದರೂ ಸಾಕು, ಆ ಪಕ್ಕದಲ್ಲಿ ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಬೆಳೆಯುತ್ತವೆ, ಬೆನ್ನಿಗೇ ಮೈಕ್ರೊಟ್ಯೂಬ್ಯೂಲ್‌ಗಳೆಂಬ ಸೂಕ್ಷ್ಮ ಕೊಳವೆಗಳು ನುಗ್ಗುತ್ತವೆ, ತಂತು ಅತ್ತ ತಿರುಗುತ್ತದೆ. ಸೆಮಫೋರಿನ್ ಎಂಬ ಇನ್ನೊಂದು ಪ್ರೋಟೀನು ತಾಗಿದರೆ ಸಾಮಾನ್ಯವಾಗಿ ಇದರ ವಿರುದ್ಧ: ಆಕ್ಟಿನ್ ಕುಸಿದು ಶಂಕು ಮುದುಡುತ್ತದೆ.

ಹಾಗೆಂದು ನೆಟ್ರಿನ್ ಎಂದರೆ ಸೆಳೆಯುವುದು ಎಂದು ಬರೆದಿಟ್ಟುಕೊಳ್ಳಬೇಡಿ. ಪರಿಚಯ ಲೇಖನಗಳು ಎಡವುವುದೇ ಇಲ್ಲಿ. ತಂತುವಿನಲ್ಲಿ ಡಿಸಿಸಿ ಎಂಬ ಗ್ರಾಹಕ ಮಾತ್ರವಿದ್ದರೆ ನೆಟ್ರಿನ್ ಸೆಳೆಯುತ್ತದೆ. ಅನ್‌ಸಿ5 ಎಂಬ ಇನ್ನೊಂದು ಗ್ರಾಹಕ ಇದ್ದರೆ ಅದೇ ನೆಟ್ರಿನ್ ದೂರ ತಳ್ಳುತ್ತದೆ. ಗ್ರಾಹಕ ಬದಲಾಗಬೇಕೆಂದೂ ಇಲ್ಲ. ಕಪ್ಪೆಯ ನರಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಕೋಶದೊಳಗೆ ಸುದ್ದಿ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಅಣುವಿನ ಸಂಕೇತವನ್ನು ತಡೆದಾಗ, ನೆಟ್ರಿನ್ ಕಡೆಗೆ ಹೋಗುತ್ತಿದ್ದ ತಂತುಗಳು ಅದರಿಂದ ದೂರ ಸರಿದವು.

ತಂತುವಿನ ಪ್ರತಿಕ್ರಿಯೆ ಹೀಗೆ ಬದಲಾಗಬಲ್ಲದು ಎಂಬುದರ ಉಪಯೋಗ ಕಾಣುವುದು ಬೆನ್ನುಹುರಿಯ ನಡುಗೆರೆಯಲ್ಲಿ. ಎಡದಿಂದ ಬಲಕ್ಕೆ ದಾಟಬೇಕಾದ ತಂತುವನ್ನು ನೆಟ್ರಿನ್ ಆ ಕಡೆಗೆ ಕರೆತರುತ್ತದೆ. ಹಾಗಾದರೆ ಅದು ಅಲ್ಲೇ ನಿಂತುಬಿಡಬೇಕಲ್ಲ? ನಡುಗೆರೆಯ ಕೋಶಗಳು ಸ್ಲಿಟ್ ಎಂಬ, ದೂರ ತಳ್ಳುವ ಪ್ರೋಟೀನನ್ನೂ ಸೂಸುತ್ತವೆ. ದಾಟುವ ಮುನ್ನ ತಂತು ಅದಕ್ಕೆ ಕಿವುಡು. ದಾಟುತ್ತಿದ್ದಂತೆ ಸ್ಲಿಟ್ ಹಿಡಿಯುವ ರೋಬೊ ಗ್ರಾಹಕಗಳು ಮೈಮೇಲೆ ಹೆಚ್ಚುತ್ತವೆ, ಹಿಂತಿರುಗುವ ಬಾಗಿಲು ಮುಚ್ಚುತ್ತದೆ. ಹಣ್ಣುನೊಣದಲ್ಲಿ ರೋಬೊ ಜೀನ್ ಕೆಟ್ಟರೆ ತಂತುಗಳು ನಡುಗೆರೆಯನ್ನು ಮತ್ತೆ ಮತ್ತೆ ದಾಟುತ್ತಾ ಅಲ್ಲಲ್ಲೇ ಸುತ್ತುತ್ತವೆ.