ವಾಲುವುದು ಒಂದು ಕಡೆ, ನೋಡುವುದು ಇನ್ನೊಂದು ಕಡೆ

"ಕೂಸು ಬರೀ ಎಡಕ್ಕ ನೋಡ್ತೈತ್ರಿ. ಹಂಗಾಗಿ ಎಡಗಡೆ ಕುತ್ತಿಗಿಗೆ ದಿನಾ ಎಣ್ಣಿ ಹಚ್ಚಿ ತಿಕ್ಕಾಕತ್ತೀವಿ."

ಇಂಡಿಯವರಿರಲಿ, ಸಿಂದಗಿಯವರಿರಲಿ, ಜಮಖಂಡಿ ಕಡೆಯವರಿರಲಿ, ಎರಡು ತಿಂಗಳ ಕೂಸನ್ನು ಕುಂಚಿಗೆಯಲ್ಲಿ ಸುತ್ತಿಕೊಂಡು ಬಂದ ಅಜ್ಜಿ ಹೇಳುವ ಮೊದಲ ಮಾತು ಬಹಳ ಸಲ ಇದೇ. ತಿಕ್ಕಿದ್ದು ಪ್ರೀತಿಯಿಂದ, ತಿಂಗಳುಗಟ್ಟಲೆ ತಪ್ಪದೆ. ಆದರೆ ಬಿಗಿದ ಸ್ನಾಯು ಇರುವುದು ಬಲಗಡೆ. ಅದನ್ನು ಯಾರೂ ಮುಟ್ಟಿಯೇ ಇಲ್ಲ.

ಹುಟ್ಟಿನಿಂದ ಬರುವ ಸೊಟ್ಟ ಕುತ್ತಿಗೆಯಲ್ಲಿ, ಅಂದರೆ ಟಾರ್ಟಿಕೊಲಿಸ್‌ನಲ್ಲಿ, ಜನ ಎಡವುವುದು ಇಲ್ಲಿಯೇ. ಒಮ್ಮೆ ನಿಮ್ಮ ಕುತ್ತಿಗೆಯ ಮೇಲೆಯೇ ನೋಡಿಕೊಳ್ಳಿ. ಎರಡು ಬೆರಳನ್ನು ಕುತ್ತಿಗೆಯ ಬಲಗಡೆ ಇಟ್ಟು ಮುಖವನ್ನು ನಿಧಾನಕ್ಕೆ ಎಡಕ್ಕೆ ತಿರುಗಿಸಿ. ಬಲಗಡೆಯೇ ಹಗ್ಗದ ಹಾಗೆ ಒಂದು ಪಟ್ಟಿ ಎದ್ದು ನಿಲ್ಲುತ್ತದೆ. ಅದೇ ಸ್ಟರ್ನೊಕ್ಲೈಡೋಮಾಸ್ಟಾಯಿಡ್ ಸ್ನಾಯು. ಕಿವಿಯ ಹಿಂದಿನ ಗಟ್ಟಿ ಎಲುಬಿನಿಂದ ಓರೆಯಾಗಿ ಇಳಿದು ಎದೆ ಎಲುಬಿನ ಮೇಲ್ತುದಿಗೂ ಕಾಲರ್ ಎಲುಬಿಗೂ ಅಂಟಿಕೊಂಡಿರುತ್ತದೆ. ಓರೆಯಾಗಿರುವುದರಿಂದ ಅದು ಒಂದೇ ಸಲಕ್ಕೆ ಎರಡು ಕೆಲಸ ಮಾಡುತ್ತದೆ: ತಲೆಯನ್ನು ತನ್ನ ಕಡೆಗೆ ವಾಲಿಸುತ್ತದೆ, ಮುಖವನ್ನು ಎದುರು ಕಡೆಗೆ ತಿರುಗಿಸುತ್ತದೆ. ಬಲಗಡೆಯದು ಬಿಗಿದರೆ ಬಲಗಿವಿ ಬಲಭುಜದ ಕಡೆ ಇಳಿಯುತ್ತದೆ, ಗದ್ದ ಎಡಭುಜದ ಕಡೆ ಹೋಗುತ್ತದೆ. ಮನೆಯವರ ಕಣ್ಣಿಗೆ ಮುಖ ಕಾಣುತ್ತದೆ, ವಾಲಿದ್ದು ಕಾಣುವುದಿಲ್ಲ. ಎರಡು ತಿಂಗಳ ಕೂಸಿಗೆ ಕುತ್ತಿಗೆ ಎಲ್ಲಿದೆ ಎಂದೇ ಹುಡುಕಬೇಕು, ಮಡಿಕೆಗಳೇ ತುಂಬಿರುತ್ತವೆ.

ತಲೆಯ ಆಕಾರವೂ ಜನರನ್ನು ದಾರಿ ತಪ್ಪಿಸುತ್ತದೆ. ಸದಾ ಎಡಕ್ಕೆ ಮುಖ ಮಾಡಿ ಮಲಗುವ ಕೂಸಿನ ತಲೆಯ ಎಡ ಹಿಂಭಾಗ ಚಪ್ಪಟೆಯಾಗುತ್ತದೆ. ಎಡಗಿವಿ ಸ್ವಲ್ಪ ಮುಂದೆ ಸರಿಯುತ್ತದೆ, ಎಡಹಣೆ ಉಬ್ಬುತ್ತದೆ. ಮುಖ ಎಡಕ್ಕೆ, ಚಪ್ಪಟೆಯೂ ಎಡಕ್ಕೆ, ಅಂದಮೇಲೆ ದೋಷವೂ ಎಡಕ್ಕೆ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಅವರ ತರ್ಕದಲ್ಲಿ ತಪ್ಪಿಲ್ಲ. ಸ್ನಾಯುವಿನ ಓರೆ ಅವರಿಗೆ ಗೊತ್ತಿಲ್ಲ, ಅಷ್ಟೇ.

ಇದರ ಮೇಲೆ ಎದುರಾಎದುರು ಕೂತು ನೋಡುವ ಗೊಂದಲ ಬೇರೆ. ನಿಮ್ಮ ಬಲ ಕೂಸಿನ ಎಡ. ತಂದೆ ಫೋನಿನಲ್ಲಿ "ಬಲಕ್ಕ ವಾಲ್ಯಾದ್ರಿ" ಎಂದರೆ ಯಾರ ಬಲ ಎಂದು ಮತ್ತೆ ಕೇಳಲೇಬೇಕು. ಇದಕ್ಕೆ ಒಂದು ಸರಳ ಉಪಾಯವಿದೆ. ನಮ್ಮ ಕಡೆ ಕೂಸಿನ ಎರಡೂ ಕೈಗೆ ಕರಿ ಬಳೆ ಇರುತ್ತದೆ. ಬಿಗಿದ ಕಡೆಯ ಕೈಯಲ್ಲಿ ಮಾತ್ರ ಬಳೆ ಉಳಿಸಿ, ಇನ್ನೊಂದನ್ನು ತೆಗೆಯಿರಿ. ಆಮೇಲೆ ಲೆಕ್ಕ ಇಷ್ಟೇ: ಮುಖ ಬಳೆಯ ಕಡೆಗೆ ತಿರುಗಬೇಕು, ತಲೆ ಬಳೆಯಿಲ್ಲದ ಕಡೆಗೆ ವಾಲಬೇಕು. ಮನೆಯಲ್ಲಿ ನಾಲ್ಕು ಜನ ಕೂಸನ್ನು ಎತ್ತಿಕೊಂಡರೂ ತಪ್ಪುವುದಿಲ್ಲ.

ಮುಂದೆ ಹೇಳುವುದೆಲ್ಲ ಬಲಗಡೆ ಬಿಗಿದ ಕೂಸಿಗೆ. ಎಡಗಡೆ ಬಿಗಿದಿದ್ದರೆ ಎಲ್ಲವನ್ನೂ ತಿರುವು ಮಾಡಿಕೊಳ್ಳಿ. ಒಬ್ಬರು ನಿಮ್ಮೆದುರು ಮಾಡಿ ತೋರಿಸಿ, ನಿಮ್ಮ ಕೈಯಿಂದ ಮಾಡಿಸಿ ನೋಡುವ ತನಕ ಮನೆಯಲ್ಲಿ ಶುರು ಮಾಡಬೇಡಿ.

ಕೂಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ. ಹಾಲು ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಮೊದಲನೆಯದು ವಾಲಿಸುವುದು. ಒಂದು ಕೈಯಿಂದ ಕೂಸಿನ ಬಲಭುಜವನ್ನು ಹಗುರಾಗಿ ನೆಲಕ್ಕೆ ಒತ್ತಿ ಹಿಡಿಯಿರಿ, ಇನ್ನೊಂದು ಅಂಗೈಯಲ್ಲಿ ತಲೆಯ ಹಿಂಭಾಗವನ್ನು ತುಂಬಿಕೊಂಡು ಎಡಗಿವಿಯನ್ನು ಎಡಭುಜದ ಕಡೆ ತನ್ನಿ. ಮೂಗು ಮೇಲ್ಛಾವಣಿಯನ್ನೇ ನೋಡುತ್ತಿರಬೇಕು. ಎರಡನೆಯದು ತಿರುಗಿಸುವುದು. ಈಗ ಎಡಭುಜವನ್ನು ಹಿಡಿದು ಗದ್ದವನ್ನು ಬಲಭುಜದ ಕಡೆಗೆ ತಿರುಗಿಸಿ. ಬಿಗಿ ಸಿಕ್ಕ ಜಾಗದಲ್ಲಿ ನಿಲ್ಲಿಸಿ, 10ರಿಂದ 30 ಸೆಕೆಂಡು ಹಾಗೇ ಹಿಡಿದು, ನಿಧಾನಕ್ಕೆ ಬಿಡಿ. ಒಂದು ಹೊತ್ತಿಗೆ 3ರಿಂದ 5 ಸಲ ಸಾಕು. ದಿನಕ್ಕೆ ಎಷ್ಟು ಹೊತ್ತು ಎಂಬುದನ್ನು ಕೂಸನ್ನು ನೋಡಿದವರು ಹೇಳುತ್ತಾರೆ. ಬಟ್ಟೆ ಬದಲಿಸಿದಾಗಲೆಲ್ಲ ಒಂದು ಸುತ್ತು ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ.

ಕೆಡುವುದು ಎಲ್ಲಿ ಅಂದರೆ, ಭುಜ ಹಿಡಿಯುವುದನ್ನು ಬಿಡುತ್ತಾರೆ. ತಲೆ ಬಾಗಿದಂತೆ ಭುಜವೂ ಹಿಂದೆ ಬರುತ್ತದೆ, ಸ್ನಾಯು ಒಂದು ಎಳೆಯೂ ಹಿಗ್ಗುವುದಿಲ್ಲ, ಮಾಡಿದೆವೆಂಬ ಸಮಾಧಾನ ಮಾತ್ರ ಉಳಿಯುತ್ತದೆ. ಇಲ್ಲವೇ ವಾಲಿಸುವಾಗ ಮುಖವನ್ನೂ ಎಡಕ್ಕೆ ಬಿಟ್ಟುಬಿಡುತ್ತಾರೆ. ಕೂಸು ಅತ್ತು ಸೆಟೆದುಕೊಂಡಾಗ ಶಕ್ತಿ ಹಾಕುವುದು ಇವೆರಡಕ್ಕಿಂತ ಕೆಟ್ಟದ್ದು. ಅಳುವ ಕೂಸಿನ ಸ್ನಾಯು ನಿಮ್ಮ ಎದುರು ಜಗ್ಗುತ್ತದೆ. ಬಿಡಿ, ಎತ್ತಿಕೊಳ್ಳಿ, ಅರ್ಧ ತಾಸು ಬಿಟ್ಟು ನೋಡಿ. ಎಂದಾದರೂ ಕೈಗೆ 'ಟಕ್' ಎಂದು ಹರಿದಂತೆ ಅನಿಸಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಎರೆಯುವಾಗ ತಲೆ ಹಿಡಿದು ಜೋತು ಬಿಡುವುದು, ಝಾಡಿಸಿ 'ನಟಿಕೆ ತೆಗೆಯುವುದು' ಬೇಡವೇ ಬೇಡ. ಇದು ಉಳುಕಲ್ಲ. ಎಳೆದರೆ ಕೂರುವ ಕೀಲೂ ಅಲ್ಲ. ಎರೆಯುವಾಕಿಯ ಕೈಯಿಂದ ಆದದ್ದು ಎಂದು ಪಾಪ ಆಕೆಯ ಮೇಲೆ ಹಾಕುವವರೂ ಇದ್ದಾರೆ. ಹೊಟ್ಟೆಯೊಳಗೆ ಕೂಸು ಇಕ್ಕಟ್ಟಿನಲ್ಲಿ ಇದ್ದುದು, ಕಾಲು ಮುಂದಾಗಿದ್ದುದು, ಹೆರಿಗೆ ಕಷ್ಟದ್ದಾಗಿದ್ದುದು, ಇಂಥವೇ ಹಿನ್ನೆಲೆಯಲ್ಲಿ ಹೆಚ್ಚಾಗಿ ಕಾಣುತ್ತವೆ.

ಕೆಲವು ಕೂಸುಗಳಿಗೆ ಎರಡು ಮೂರು ವಾರವಾದಾಗ ಸ್ನಾಯುವಿನೊಳಗೆ ಅಡಿಕೆಯಷ್ಟು ಗಟ್ಟಿ ಗಂಟು ಸಿಗುತ್ತದೆ. ಅಲ್ಟ್ರಾಸೌಂಡ್ ಮಾಡಿಸಿ ಸ್ನಾಯುವಿನದೇ ಗಂಟು ಎಂದು ಖಾತ್ರಿಯಾದರೆ ಹೆದರಬೇಕಾಗಿಲ್ಲ, ತಿಂಗಳುಗಳಲ್ಲಿ ಕರಗುತ್ತದೆ. ಅದನ್ನು ಹಿಸುಕಬೇಡಿ, ಕಾವು ಕೊಡಬೇಡಿ. ಬರೆ ಹಾಕಿಸಿಕೊಂಡು ಬರುವವರು ಈಗಲೂ ಇದ್ದಾರೆ. ಕೈಮುಗಿದು ಕೇಳುತ್ತೇನೆ, ಆ ಚರ್ಮಕ್ಕೆ ಬೆಂಕಿ ತೋರಿಸಬೇಡಿ.

ವ್ಯಾಯಾಮದ ಹೊತ್ತೆಲ್ಲ ಕೂಡಿಸಿದರೂ ದಿನಕ್ಕೆ ಅರ್ಧ ತಾಸು ಆಗಲಿಕ್ಕಿಲ್ಲ. ಉಳಿದ ಹೊತ್ತು ಕೂಸು ಹೇಗಿರುತ್ತದೆ ಎಂಬುದೇ ದೊಡ್ಡದು. ತೊಟ್ಟಿಲ ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಮಂದಿ. ಕೂಸು ಮಂದಿಯ ಕಡೆ ನೋಡುತ್ತದೆ. ಮಂದಿ ಅದರ ಬಲಕ್ಕೆ ಬರುವಂತೆ ತಲೆ-ಕಾಲಿನ ದಿಕ್ಕು ಬದಲಿಸಿ. ಉತ್ತರಕ್ಕೆ ತಲೆ ಬರುತ್ತದೆ ಎಂದು ಅಜ್ಜಿ ಒಪ್ಪದಿದ್ದರೆ ಜಗಳ ಬೇಡ, ತೊಟ್ಟಿಲನ್ನೇ ಎದುರು ಗೋಡೆಗೆ ಸರಿಸಿ. ಮಡಿಲಲ್ಲಿ ಮಾತಾಡಿಸುವಾಗ ನಿಮ್ಮ ಎಡತೋಳಿನಲ್ಲಿ ಮಲಗಿಸಿಕೊಳ್ಳಿ, ನಿಮ್ಮ ಮುಖ ಹುಡುಕಲು ಅದು ಬಲಕ್ಕೇ ತಿರುಗಬೇಕು. ಎತ್ತಿಕೊಂಡು ಓಡಾಡುವಾಗ ಬಲಮಗ್ಗುಲು ಕೆಳಗಾಗಿ, ಬೆನ್ನು ನಿಮ್ಮ ಎದೆಗೆ ತಾಗುವಂತೆ ಅಡ್ಡ ಹಿಡಿಯಿರಿ. ಕೂಸು ತಲೆಯನ್ನು ಮೇಲೆ ಎತ್ತಲು ನೋಡುತ್ತದೆ, ಹಾಗೆ ಎತ್ತುವಾಗ ಸೋತ ಎಡಗಡೆ ಸ್ನಾಯುಗಳು ಗಟ್ಟಿಯಾಗುತ್ತವೆ. ಬಿಗಿದದ್ದನ್ನು ಹಿಗ್ಗಿಸಿದರಷ್ಟೇ ಸಾಲದು, ಎದುರಿನದಕ್ಕೆ ಶಕ್ತಿ ಬರದಿದ್ದರೆ ತಲೆ ಮತ್ತೆ ಅಲ್ಲಿಗೇ ಬೀಳುತ್ತದೆ.

ಎಚ್ಚರವಿದ್ದಾಗ ಬೋರಲು ಹಾಕಿ, ಪಕ್ಕದಲ್ಲೇ ಕೂತಿರಿ. ಇನ್ನೂ ಹರಿದಾಡದ ಕೂಸಿಗೆ ದಿನವಿಡೀ ಸೇರಿ ಕನಿಷ್ಠ 30 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊದಲಿಗೆ ಎರಡು ನಿಮಿಷಕ್ಕೇ ಚೀರುತ್ತದೆ. ನಿಮ್ಮ ಎದೆಯ ಮೇಲೆ ಬೋರಲು ಮಲಗಿಸಿಕೊಂಡರೂ ಲೆಕ್ಕಕ್ಕೆ ಬರುತ್ತದೆ. ನಿದ್ದೆ ಮಾತ್ರ ಅಂಗಾತವೇ. ಸಾಸಿವೆ ದಿಂಬು, ಬಟ್ಟೆಯ ಸಿಂಬಿ ಇವು ತಲೆ ದುಂಡಗೆ ಮಾಡುತ್ತವೆಂದು ನಂಬಿ ಕೂರಬೇಡಿ. ಕುತ್ತಿಗೆ ತಿರುಗದ ಕೂಸಿಗೆ ತಲೆಯಡಿ ಏನಿಟ್ಟರೂ ತಲೆ ತಿರುಗುವುದಿಲ್ಲ. ನಿದ್ದೆಯಲ್ಲಿ ದಿಂಬು ಮೂಗಿಗೆ ಅಡ್ಡವಾಗುವ ಅಪಾಯವೂ ಇದೆ.

ತಾಯಂದಿರ ಬಗ್ಗೆ ಒಂದು ಮಾತು. ಕೂಸು ಒಂದೇ ಎದೆಗೆ ಚೆನ್ನಾಗಿ ಹಿಡಿದು ಇನ್ನೊಂದಕ್ಕೆ ಒದ್ದಾಡಿದರೆ "ಆ ಕಡೆ ಹಾಲಿಲ್ಲ" ಎನ್ನುತ್ತಾರೆ. ಎಷ್ಟೋ ಸಲ ಹಾಲಿನ ಕೊರತೆ ಇರುವುದೇ ಇಲ್ಲ, ಆ ಕಡೆಗೆ ಕೂಸಿನ ಕುತ್ತಿಗೆ ತಿರುಗುವುದಿಲ್ಲ. ಹಿಡಿಯುವ ಭಂಗಿ ಬದಲಿಸಿದರೆ ಅದೇ ಎದೆಯನ್ನು ಕುಡಿಯುತ್ತದೆ. ಹಾಲೂಡಿಸುವ ಬಗ್ಗೆ ಹೇಳಿಕೊಡುವವರು ಚಿಕಿತ್ಸೆ ಕೊಡುವ ನಮ್ಮ ತಂಡದಲ್ಲಿ ಇರಬೇಕು ಎನ್ನುವುದು ಇದಕ್ಕೇ.

ಉಳಿದವರೂ ಬೇಕು. ಕುತ್ತಿಗೆ ಸೊಟ್ಟಾದ ಕೂಸಿನ ಸೊಂಟದ ಕೀಲನ್ನು ಮಕ್ಕಳ ವೈದ್ಯರೋ ಎಲುಬಿನ ವೈದ್ಯರೋ ನೋಡಲೇಬೇಕು, ಆ ಕೀಲಿನ ದೋಷವೂ ಇದರೊಟ್ಟಿಗೆ ಬರುವುದುಂಟು. ಕಾಲು ನೇರ ಜಗ್ಗಿ ಬಿಗಿಯಾಗಿ ಬಟ್ಟೆ ಸುತ್ತುವುದು ಆ ಕೀಲಿಗೆ ಒಳ್ಳೆಯದಲ್ಲ. ಬೆನ್ನೆಲುಬಿನ ಮಣಿಗಳು ಹುಟ್ಟಿನಿಂದ ಕೂಡಿಕೊಂಡಿದ್ದರೆ ಹಿಗ್ಗಿಸುವುದು ಅಪಾಯ. ಇನ್ನು ಕಣ್ಣು. ಮಲಗಿದಾಗ ತಲೆ ನೆಟ್ಟಗಿದ್ದು, ಕೂರಿಸಿದಾಗ ಮಾತ್ರ ವಾಲಿದರೆ, ಕುತ್ತಿಗೆ ಎರಡೂ ಕಡೆ ಸಲೀಸಾಗಿ ತಿರುಗಿದರೆ, ಸ್ನಾಯುವನ್ನು ಬಿಟ್ಟು ಕಣ್ಣಿನ ತಜ್ಞರ ಬಳಿ ಹೋಗಿ. ಕಣ್ಣನ್ನು ತಿರುಗಿಸುವ ಸಣ್ಣ ಸ್ನಾಯುವೊಂದು ಸೋತರೆ ಎರಡೆರಡು ಕಾಣದಿರಲೆಂದು ಮಗು ತಾನೇ ತಲೆ ವಾಲಿಸಿಕೊಳ್ಳುತ್ತದೆ. ಹಾಲು ಕುಡಿದ ಮೇಲೆ ಮಾತ್ರ ಮೈ ಬಿಲ್ಲಿನಂತೆ ಬಾಗಿಸಿ ಕುತ್ತಿಗೆ ತಿರುಚಿದರೆ ಹಾಲು ಅನ್ನನಾಳಕ್ಕೆ ವಾಪಸು ಬರುತ್ತಿದೆಯೇ ನೋಡಬೇಕು. ಚೆನ್ನಾಗಿದ್ದ ದೊಡ್ಡ ಮಗುವಿನ ಕುತ್ತಿಗೆ ಜ್ವರ, ಗಂಟಲು ನೋವಿನ ಜೊತೆ ಸೆಟೆದು ವಾಲಿದರೆ, ಅಥವಾ ವಾಂತಿ, ತಲೆನೋವು, ನಡಿಗೆಯಲ್ಲಿ ತಡವರಿಕೆ ಸೇರಿದರೆ, ಯಾರ ಕೈಯಲ್ಲೂ ತಿಕ್ಕಿಸದೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ. ಜಿಲ್ಲಾ ಮಟ್ಟದಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇರುವ ಶೀಘ್ರ ಚಿಕಿತ್ಸಾ ಕೇಂದ್ರಗಳನ್ನು ರೂಪಿಸಿದ್ದೇ ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಕಣ್ಣು ಪರೀಕ್ಷಿಸುವವರು ಒಂದೇ ಕಡೆ ಸಿಗಲಿ ಎಂದು. ಕೇಳಿ ಪಡೆಯಿರಿ.

"ತನ್ನಷ್ಟಕ್ಕ ಹೋಗ್ತೈತಿ, ಕುತ್ತಿಗಿ ನಿಲ್ಲಲಿ" ಎಂದು ಕಾಯುವವರಿಗೆ ಈ ಲೆಕ್ಕ. ಅಮೆರಿಕದ ಫಿಸಿಯೋಥೆರಪಿ ಸಂಘದ ಮಕ್ಕಳ ವಿಭಾಗದ ಮಾರ್ಗಸೂಚಿಯ ಪ್ರಕಾರ ಒಂದು ತಿಂಗಳೊಳಗೆ ಶುರು ಮಾಡಿದರೆ 100ರಲ್ಲಿ 98 ಕೂಸುಗಳ ಕುತ್ತಿಗೆ ಸುಮಾರು ಒಂದೂವರೆ ತಿಂಗಳಲ್ಲಿ ಸರಾಗವಾಗುತ್ತದೆ. ಒಂದು ತಿಂಗಳು ದಾಟಿದರೆ ಸುಮಾರು 6 ತಿಂಗಳು ಹಿಡಿಯುತ್ತದೆ, ಆರು ತಿಂಗಳು ದಾಟಿದ ಮೇಲೆ ಬಂದರೆ 9ರಿಂದ 10 ತಿಂಗಳು ಬೇಕಾಗಬಹುದು. ಆಗ ಫಲವೂ ಅಷ್ಟು ಖಾತ್ರಿಯಲ್ಲ. ಆರು ತಿಂಗಳ ಮಗು ಉರುಳುತ್ತದೆ, ಕೈ ಒದರುತ್ತದೆ, ಹಿಡಿದು ಮಲಗಿಸುವುದೇ ಯುದ್ಧ. ವರ್ಷ ದಾಟಿದರೂ ಸರಿಹೋಗದ ಕೆಲವೇ ಮಕ್ಕಳಿಗೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ, ಅದರ ನಂತರವೂ ವ್ಯಾಯಾಮ ತಪ್ಪುವುದಿಲ್ಲ.

ಆಶಾ ಕಾರ್ಯಕರ್ತೆ 14, 21, 28, 42ನೇ ದಿನ ಮನೆಗೆ ಬರುತ್ತಾರೆ. ಆರನೇ ವಾರಕ್ಕೆ ಲಸಿಕೆಯಿದೆ. ಕುಂಚಿಗೆ ಬಿಚ್ಚಿ, ಮುಖವನ್ನು ಎರಡೂ ಕಡೆ ತಿರುಗಿಸಿ ನೋಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಐದನೇ ತಿಂಗಳಲ್ಲಿ. ಬಾಣಂತನ ಮುಗಿಸಿ ತಾಯಿ ತವರಿಂದ ಗಂಡನ ಮನೆಗೆ ಹೊರಡುತ್ತಾಳೆ. ಬಾದಾಮಿಯಲ್ಲಿ ಶುರುವಾದದ್ದು ಅಥಣಿಯಲ್ಲಿ ಮುಂದುವರಿಯಬೇಕು. ಅಲ್ಲಿ ಅತ್ತೆಗೆ, ಅಲ್ಲಿಯ ಥೆರಪಿಸ್ಟ್‌ಗೆ ಯಾವ ಕಡೆ ಎಂದು ಗೊತ್ತಿರುವುದಿಲ್ಲ. ಹೊರಡುವ ಮುಂಚೆ ತಾಯಿ ಕಾರ್ಡಿನ ಹಿಂದೆ ಮೂರು ಸಾಲು ಬರೆಸಿಕೊಳ್ಳಿ: ಬಿಗಿದ ಸ್ನಾಯು ಕೂಸಿನ ಬಲ. ಮುಖ ತಿರುಗಿಸಬೇಕಾದ್ದು ಬಲಕ್ಕೆ. ತಲೆ ವಾಲಿಸಬೇಕಾದ್ದು ಎಡಕ್ಕೆ. ಕೆಳಗೆ ಮುಂದಿನ ತಪಾಸಣೆಯ ತಾರೀಖು ಇರಲಿ. ಕುತ್ತಿಗೆ ನೆಟ್ಟಗಾಗಿದೆ ಎಂದು ಚಿಕಿತ್ಸೆ ಮುಗಿಸಿದ ಮೇಲೂ ನಡೆಯಲು ಶುರು ಮಾಡಿದಾಗ ಇನ್ನೊಮ್ಮೆ ಕರೆತನ್ನಿ. ಕೆಲವು ಮಕ್ಕಳಲ್ಲಿ ಆಗ ತಲೆ ಮತ್ತೆ ವಾಲುವುದುಂಟು.